ಕಲೆ ಇದೆ, ಕಲೆ ಇಲ್ಲ

ನಮ್ಮ ಅಕ್ಕನ ಮಗಳಿಗೆ ಹೆತ್ತವರು ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಮನೆಯಲ್ಲಿ ಅವಳು ಚೀಟಿ. ಅಕ್ಷರ ಕೂಡಿಸಲು ಕಲಿತ ವರ್ಷವೇ ಮನೆಯ ಸಾಮಾನುಗಳಿಗೆಲ್ಲ ಚೀಟಿ ಅಂಟಿಸಿದವಳು ಅವಳು. ಉಪ್ಪಿನ ಡಬ್ಬಿಗೆ ‘ಉಪ್ಪು’, ಸಕ್ಕರೆ ಡಬ್ಬಿಗೆ ‘ಉಪ್ಪು ಅಲ್ಲ’, ಮಧ್ಯಾಹ್ನ ಮಲಗಿದ್ದ ಅಪ್ಪನ ಹಣೆಗೆ ‘ಅಪ್ಪ’. ಭಾವ ಆ ಚೀಟಿ ಹೊತ್ತುಕೊಂಡೇ ಪೋಸ್ಟ್ ಆಫೀಸಿಗೆ ಹೋಗಿ ಬಂದಿದ್ದರು. ಯಾರೂ ತಕರಾರು ಮಾಡಲಿಲ್ಲವಂತೆ. ಇಂಥ ಮಗು ಬೆಳೆದು ಗ್ರಂಥಾಲಯ ವಿಜ್ಞಾನ ಓದಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅದರಲ್ಲಿ ವಿಜ್ಞಾನ ಎಲ್ಲಿದೆ ಎಂಬ ಆಶ್ಚರ್ಯ ಮಾತ್ರ ಅಕ್ಕನಿಗೆ ಇವತ್ತಿಗೂ ಹೋಗಿಲ್ಲ.

ಓದು ಮುಗಿದ ಮರುವರ್ಷ ಕಲಾ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ‘ಕಿರಿಯ ಸಹಾಯಕಿ, ಗ್ರಂಥಾಲಯ ಮತ್ತು ದಾಖಲೆಗಳ ವಿಭಾಗ’. ಹೆಸರು ಉದ್ದ, ವಿಭಾಗ ಗಿಡ್ಡ: ಅವಳು, ಒಬ್ಬ ಅಟೆಂಡರ್, ಒಂದು ಏಣಿ. ಹಿರಿಯ ಸಹಾಯಕರು ಯಾರೂ ಇರಲಿಲ್ಲ. ಹಾಗಾದರೆ ಯಾರಿಗಿಂತ ನಾನು ಕಿರಿಯಳು ಎಂದು ಕಚೇರಿಯಲ್ಲಿ ಕೇಳಿದಾಗ, ಏಣಿಗಿಂತ ಅಂದರಂತೆ. ಅದೂ ನಿಜವೇ. ಏಣಿ ಅವಳಿಗಿಂತ ಇಪ್ಪತ್ತು ವರ್ಷ ಮೊದಲೇ ಸೇವೆಗೆ ಸೇರಿತ್ತು.

ಒಂದು ವರ್ಷ ಪ್ರೊಬೇಷನ್. ಕೆಲಸ ತೃಪ್ತಿಕರವಾಗಿದ್ದರೆ ಖಾಯಂ. ಯಾರಿಗೆ ತೃಪ್ತಿ ಆಗಬೇಕು ಎಂಬುದನ್ನು ಆದೇಶದಲ್ಲಿ ಬರೆಯದಿದ್ದರೂ ಅದು ನಿರ್ದೇಶಕರಿಗೆ ಎಂಬುದು ಕಟ್ಟಡದ ಕಂಬಗಳಿಗೂ ಗೊತ್ತಿತ್ತು. ಖಾಯಂ ಆಗದಿದ್ದರೆ ಅವಳಿಗೆ ಆ ಊರಿನಲ್ಲಿ ಉಳಿಯುತ್ತಿದ್ದದ್ದು ಒಂದೇ ಜಾಗ: ಬಸ್ ನಿಲ್ದಾಣದ ಹಿಂದಿನ ಟ್ಯುಟೋರಿಯಲ್‌ನವರ ಗ್ರಂಥಾಲಯ. ಅಲ್ಲಿ ಒಂದೇ ಗೈಡಿನ ಮುನ್ನೂರು ಪ್ರತಿಗಳನ್ನು ಕಾಯುವ ಕೆಲಸ. ಚೀಟಿ ಅಂಟಿಸಲು ಮುನ್ನೂರು ಸಲ ಒಂದೇ ಚೀಟಿ. ಅವಳಿಗೆ ಅದು ಉದ್ಯೋಗವಲ್ಲ, ಶಿಕ್ಷೆ.

ಅಟೆಂಡರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಆದ್ದರಿಂದ ವೇದಾಂತವೂ ಇತ್ತು. “ಖಾಯಂ ಅಂದ್ರೆ ಏನು ಗೊತ್ತೇನಮ್ಮ?” ಎಂದು ಮೊದಲ ದಿನವೇ ಕೇಳಿದನಂತೆ. “ಕಾಯಮ್ಮ, ಕಾಯಮ್ಮ ಅಂತ. ನಾನು ಹನ್ನೊಂದು ವರ್ಷ ಕಾದೆ.”

ಸಂಗ್ರಹಾಲಯ ಎನ್ನುವ ಪದವನ್ನು ಪಂಡಿತರು ಸಂಗ್ರಹ ಮತ್ತು ಆಲಯ ಎಂದು ಬಿಡಿಸುತ್ತಾರೆ. ಆ ಕಟ್ಟಡದ ನೆಲಮಾಳಿಗೆಗೆ ಇಳಿದವರು ಸಂಗ್ರಹ, ಆಮೇಲೆ ಲಯ ಎಂದು ಬಿಡಿಸುತ್ತಾರೆ. ಮೇಲಿನ ಎರಡು ಮಹಡಿಗಳಲ್ಲಿ ತಂಪು ಯಂತ್ರ, ತೇವ ಅಳೆಯುವ ಗಡಿಯಾರ, ಚಿತ್ರದಿಂದ ಒಂದೂವರೆ ಮೀಟರ್ ದೂರ ನಿಲ್ಲಿಸುವ ಕೆಂಪು ಹಗ್ಗ. ಕೆಳಗೆ ಪುಸ್ತಕ, ಪತ್ರ, ಫೋಟೊ, ಹಳೆಯ ಪ್ರದರ್ಶನಗಳ ಕರಪತ್ರ. ಪಕ್ಕದಲ್ಲಿ ನೀರಿನ ಪಂಪು. ಮೇಲೆ ಚಿತ್ರ, ಕೆಳಗೆ ಚಿತ್ರಹಿಂಸೆ. ಆ ಕೋಣೆಯಲ್ಲಿ ಇಷ್ಟು ವರ್ಷ ಯಾರಾದರೂ ಗೆದ್ದದ್ದಿದ್ದರೆ ಅದು ಗೆದ್ದಲು.

ಚೀಟಿ ಅಲ್ಲಿ ಮಾಡುತ್ತಿದ್ದ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸಲು ಅಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. ಕಾಗದದಿಂದ ತುಕ್ಕು ಹಿಡಿದ ಗುಂಡುಪಿನ್ನು ತೆಗೆಯುವುದು, ಮೆತ್ತನೆಯ ಬ್ರಷ್‌ನಿಂದ ಧೂಳು ಝಾಡಿಸುವುದು, ಮಡಿಕೆ ಬಿಡಿಸುವುದು, ಯಾರು ಯಾರಿಗೆ ಯಾವಾಗ ಬರೆದದ್ದು ಎಂದು ಪಟ್ಟಿ ಮಾಡುವುದು. ಅದೂ ಪೆನ್ಸಿಲ್‌ನಲ್ಲಿ, ಶಾಯಿ ಆ ಕೋಣೆಗೆ ವರ್ಜ್ಯ. ಅಭ್ಯಾಸಬಲದಿಂದ ರಜಾ ಅರ್ಜಿಯನ್ನೂ ಪೆನ್ಸಿಲ್‌ನಲ್ಲಿ ಬರೆದುಕೊಟ್ಟಳು. ಅಳಿಸಬಹುದಾದ ಜ್ವರಕ್ಕೆ ರಜೆ ಕೊಡಲು ಬರುವುದಿಲ್ಲ ಎಂದು ಕಚೇರಿಯವರು ಹಿಂದಿರುಗಿಸಿದರು. ಓದುಗರು? ಬರುತ್ತಿದ್ದರು. ದಿನಕ್ಕೆ ಎಂಟು ಹತ್ತು ಜನ ಮೆಟ್ಟಿಲಿಳಿದು ಬಂದು, ಅತ್ಯಂತ ವಿನಯದಿಂದ, ಟಾಯ್ಲೆಟ್ ಎಲ್ಲಿ ಎಂದು ಕೇಳುತ್ತಿದ್ದರು.

ಇನ್ನು ನಿರ್ದೇಶಕರು. ಅವರು ಇದಕ್ಕೆ ಮೊದಲು ಮೀನುಗಾರಿಕೆ ಇಲಾಖೆಯಲ್ಲಿದ್ದವರು. ಅಲ್ಲಿ ಬಲೆ, ಇಲ್ಲಿ ಕಲೆ. ಒಂದಕ್ಷರದ ವ್ಯತ್ಯಾಸವನ್ನು ಕೆಲಸ ಮಾಡುತ್ತಲೇ ಕಲಿತುಕೊಳ್ಳಬಹುದು ಎಂದು ಮೇಲಿನವರಿಗೆ ಅನ್ನಿಸಿರಬೇಕು. ಕೆಟ್ಟ ಮನುಷ್ಯರೇನಲ್ಲ. ಕೆಲಸ ಮಾಡುವ ಹುಮ್ಮಸ್ಸಿದ್ದ ಮನುಷ್ಯರು. ಒಂದು ಸಂಸ್ಥೆಗೆ ಅದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ.

ಅವರ ಹುಮ್ಮಸ್ಸಿನ ಕಣ್ಣು ನೆಲಮಾಳಿಗೆಯ ಮೇಲೆ ಬಿತ್ತು. ಅಲ್ಲಿ ಕೆಫೆ ಮಾಡಿದರೆ ಜನ ಬರುತ್ತಾರೆ ಎಂದು ಅವರಿಗೆ ಹೊಳೆಯಿತು. ಅಡ್ಡವಾಗಿದ್ದದ್ದು ಇನ್ನೂರ ಹನ್ನೆರಡು ರಟ್ಟಿನ ಪೆಟ್ಟಿಗೆಗಳು. ಸಂಗ್ರಹಾಲಯದ ಮೊದಲ ಐವತ್ತು ವರ್ಷದ ಕಾಗದಪತ್ರಗಳೆಲ್ಲ ಅವುಗಳಲ್ಲಿದ್ದವು. ಪುಣ್ಯಕ್ಕೋ ಪಾಪಕ್ಕೋ, ಹಿಂದಿನ ಗ್ರಂಥಪಾಲಕರು ನಿವೃತ್ತರಾಗುವ ಮೊದಲು ಪ್ರತಿಯೊಂದು ಪೆಟ್ಟಿಗೆಯ ಮುಚ್ಚಳದ ಮೇಲೂ ನೀಲಿ ಪೆನ್ಸಿಲ್‌ನಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಷರಾ ಬರೆದಿಟ್ಟಿದ್ದರು. ಎಂಬತ್ತಾರು ಪೆಟ್ಟಿಗೆಗಳ ಮೇಲೆ ‘ಕಲೆ ಇದೆ’. ನೂರ ಇಪ್ಪತ್ತಾರರ ಮೇಲೆ ‘ಕಲೆ ಇಲ್ಲ’.

ನಿರ್ದೇಶಕರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಯಾವ ಅಧಿಕಾರಿಗೂ ಒದಗಿಬಂದಿಲ್ಲ. ಸಮಿತಿ ಕರೆದರು. ಬಿಸ್ಕತ್ತು ಮುಗಿಯುವುದರೊಳಗೆ ತೀರ್ಮಾನವೂ ಮುಗಿಯಿತು: ‘ಕಲೆ ಇಲ್ಲದ ಪೆಟ್ಟಿಗೆಗಳನ್ನು ಇದೇ ಗುರುವಾರದೊಳಗೆ ವಿಲೇವಾರಿ ಮಾಡತಕ್ಕದ್ದು.’ ಕಾಗದದ ಕಾರ್ಖಾನೆಯ ಲಾರಿಗೆ ಹೇಳಿಯಾಯಿತು. ‘ಕಲೆ ಇಲ್ಲದ್ದಕ್ಕೆ ಕಲಾ ಸಂಗ್ರಹಾಲಯದಲ್ಲಿ ಜಾಗವಿಲ್ಲ’ ಎಂಬ ಅವರ ಮಾತು ಸಂಸ್ಥೆಯ ವಾರ್ತಾಪತ್ರದಲ್ಲಿ, ಚೌಕಟ್ಟಿನೊಳಗೆ, ಫೋಟೊ ಸಮೇತ ಅಚ್ಚಾಯಿತು. ಕಲೆ ಇರುವ ಎಂಬತ್ತಾರನ್ನು ಮೇಲಿನ ತಂಪು ಕೋಣೆಗೆ ಸಾಗಿಸುವ ಹೊಣೆ ಚೀಟಿಯ ಮೇಲೆ ಬಿತ್ತು. ಅವಳ ಖಾಯಂ ಕಡತವೂ ಅದೇ ವಾರ, ಶುಕ್ರವಾರಕ್ಕೆ, ಅವರ ಮೇಜಿನ ಮೇಲೆ ಬರುವುದಿತ್ತು.

ಸೋಮವಾರ ಅಟೆಂಡರನೂ ಅವಳೂ ಪೆಟ್ಟಿಗೆ ಹೊರುವಾಗ ನಿರ್ದೇಶಕರು ಖುದ್ದಾಗಿ ಬಂದು ಒಂದರ ಮುಚ್ಚಳ ತೆರೆದರು. ಮೇಲಿದ್ದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಂದು ಬಣ್ಣದ ವರ್ತುಲಗಳು, ಒಂದರೊಳಗೊಂದು, ಸಮುದ್ರದಲ್ಲಿ ದ್ವೀಪಗಳ ಹಾಗೆ. ನಡುವೆ ಅಲ್ಲಲ್ಲಿ ಹಸಿರು ಚುಕ್ಕೆ. ನಿರ್ದೇಶಕರ ಕಣ್ಣು ತೇವವಾಯಿತು ಎಂದು ಅಟೆಂಡರ್ ಈಗಲೂ ಸಾಕ್ಷಿ ಹೇಳುತ್ತಾನೆ.

ಚೀಟಿ ಮೆಲ್ಲಗೆ, “ಸರ್, ಇದು ಕಾವಲುಗಾರರ ಹಾಜರಿ ಪಟ್ಟಿ ಥರ ಇದೆ,” ಅಂದಳು.

“ಅದೇ ಕಣಮ್ಮ ಆಧುನಿಕತೆ,” ಅಂದರು ಅವರು. “ಹಾಜರಿಯ ಮೇಲೆ ಗೈರುಹಾಜರಿ ಬಿಡಿಸಿದ್ದಾನೆ.”

ಸಂಜೆಯೊಳಗೆ ಆ ಹಾಳೆಗೆ ಕಪ್ಪು ಚೌಕಟ್ಟು ಕಟ್ಟಿಸಿ ಅವರ ಕೋಣೆಯ ಗೋಡೆಗೆ ತೂಗುಹಾಕಲಾಯಿತು. ಕೆಳಗೆ ಚೀಟಿಯ ಕೈಯಿಂದಲೇ ಬರೆಸಿದ ಚೀಟಿ: ‘ಶೀರ್ಷಿಕೆರಹಿತ. ಅನಾಮಿಕ ಕಲಾವಿದ.’ ಹತ್ತು ತಿಂಗಳ ಅನುಭವದ ಹುಡುಗಿ ಏನು ತಾನೇ ಅನ್ನಬಲ್ಲಳು? ನಿರ್ದೇಶಕರಿಗೆ ಕಾಣುವ ಕಲೆ ತನ್ನ ಕಣ್ಣಿಗೆ ಕಾಣುತ್ತಿಲ್ಲವೆಂದರೆ ತಾನಿನ್ನೂ ಕಲಿಯಬೇಕಾದ್ದು ಬಹಳ ಇದೆ ಎಂದುಕೊಂಡಳಂತೆ. ಅವಳಿಗೆ ಆ ಮಟ್ಟಿಗೆ ಸಂಸ್ಕಾರ ಕೊಟ್ಟದ್ದು ನಮ್ಮ ಮನೆಯವರದೇ ತಪ್ಪು.

ಆದರೆ ವಿಲೇವಾರಿಗೂ ಒಂದು ವಿಧಿ ಇದೆ. ಎಸೆಯುವ ಪೆಟ್ಟಿಗೆಯಲ್ಲಿ ಏನಿತ್ತು ಎಂದು ಒಂದು ಸಾಲು ಬರೆದಿಟ್ಟೇ ಎಸೆಯಬೇಕು. ಮಂಗಳವಾರ ಬೆಳಗ್ಗೆ ಅವಳು ಪೆನ್ಸಿಲ್ ಚೂಪು ಮಾಡಿಕೊಂಡು ‘ಕಲೆ ಇಲ್ಲ’ದ ಮೊದಲ ಪೆಟ್ಟಿಗೆ ತೆರೆದಳು. ಅದರಲ್ಲಿ ಒಂದು ಕುರ್ಚಿ ಇತ್ತು. ಅಂದರೆ, ಸಂಗ್ರಹಾಲಯಕ್ಕೆ ಸೇರಿದ್ದ ಹಳೆಯ ಚಿತ್ರಶಾಲೆಯ ಮೊದಲ ತಂಡದ ಹದಿನಾಲ್ಕು ವಿದ್ಯಾರ್ಥಿಗಳು ಒಂದೇ ಕುರ್ಚಿಯನ್ನು ಸುತ್ತ ಕುಳಿತು ಹದಿನಾಲ್ಕು ಕಡೆಯಿಂದ ಬಿಡಿಸಿದ ಹದಿನಾಲ್ಕು ಹಾಳೆಗಳು. ಒಂದರಲ್ಲಿ ಕುರ್ಚಿಯ ಆಚೆ ಎದುರು ಕುಳಿತವನ ಮೊಣಕಾಲೂ ಕಾಣುತ್ತದೆ. ಮುಂದಿನ ಹಾಳೆಗೆ ಬಂದರೆ ಆ ಮೊಣಕಾಲಿನವನು ಈ ಕಡೆಯವನ ಬೂಟು ಬಿಡಿಸಿದ್ದಾನೆ. ಹಾಳೆಗಳು ನಿನ್ನೆ ತಂದ ಹಾಗೆ ಬೆಳ್ಳಗಿವೆ.

ಎರಡನೆಯದರಲ್ಲಿ ಚಿತ್ರಕಾರರು ಬರೆದ ಪತ್ರಗಳು. ಮೇಲಿನ ಮಹಡಿಯ ದೊಡ್ಡ ಚಿತ್ರವೊಂದರ ಕೆಳಗೆ ‘ಕಾಲ ತಿಳಿದಿಲ್ಲ’ ಎಂದು ಹಿತ್ತಾಳೆಯಲ್ಲಿ ಕೆತ್ತಿಸಿ ಹಾಕಿದ್ದಾರೆ. ಆ ಚಿತ್ರಕಾರ ತಾರೀಖು ಸಮೇತ ಬರೆದ ಪತ್ರ ಅಲ್ಲಿತ್ತು: ಚಿತ್ರ ಇನ್ನೂ ಒಣಗಿಲ್ಲ, ದಯವಿಟ್ಟು ಬೆರಳಿಟ್ಟು ನೋಡಬೇಡಿ. ಅವಳು ಹನ್ನೆರಡು ಪೆಟ್ಟಿಗೆ ತೆರೆದಳು. ಹನ್ನೆರಡರಲ್ಲೂ ಇಂಥವೇ. ಆಮೇಲೆ ಮಹಡಿ ಹತ್ತಿ ತಂಪು ಕೋಣೆಯಲ್ಲಿ ಕಲೆ ಇರುವ ನಾಲ್ಕನ್ನು ತೆರೆದಳು. ಗೇಟ್‌ಪಾಸುಗಳು, ಕುರ್ಚಿ ರಿಪೇರಿಯ ಬಗ್ಗೆ ಪತ್ರವ್ಯವಹಾರ, ಒಂದಕ್ಕೊಂದು ಅಂಟಿಕೊಂಡು ಹಪ್ಪಳವಾದ ಹಾಜರಿ ಪುಸ್ತಕಗಳು. ಕುರ್ಚಿಯನ್ನು ಬಿಡಿಸಿದವರು ಕೆಳಗೆ ಲಾರಿ ಕಾಯುತ್ತಿದ್ದರು. ಕುರ್ಚಿಯನ್ನು ರಿಪೇರಿ ಮಾಡಿಸಿದವರು ಮೇಲೆ ತಂಪಾಗಿದ್ದರು.

ಊಟದ ಬಿಡುವಿನಲ್ಲಿ ಅವಳು ಎರಡು ಸ್ಟಾಪ್ ಆಚೆಗಿದ್ದ ಹಳೆಯ ಗ್ರಂಥಪಾಲಕರ ಮನೆಗೆ ಹೋದಳು. ಅವರು ಜಗಲಿಯಲ್ಲಿ ಕುಳಿತು ಪತ್ರಿಕೆಯ ಪದಬಂಧ ತುಂಬುತ್ತಿದ್ದರು, ನೀಲಿ ಪೆನ್ಸಿಲ್‌ನಲ್ಲಿ. ಮುಚ್ಚಳದ ಮೇಲೆ ಬರೆದದ್ದು ಯಾವ ಕಲೆ ಸರ್ ಎಂದು ಕೇಳಿದಳು. ಮೂವತ್ತು ವರ್ಷದ ಸೇವೆಯನ್ನು ಒಂದೇ ಏಟಿಗೆ ಅನುಮಾನಿಸಿದಂತಾಗಿ ಅವರು ಕನ್ನಡಕ ತೆಗೆದರು.

“ಯಾವ ಕಲೆ ಅಂದ್ರೆ? ನೀರಿನ ಕಲೆ ಕಣಮ್ಮ. ಮೇಲಿನ ಪೈಪು ಒಡೆದು ನೆಲಮಾಳಿಗೆಯೆಲ್ಲ ನೆನೀತಲ್ಲ, ಆವಾಗ ಒಂದೊಂದೇ ಬಿಚ್ಚಿ ನೋಡಿ ಬರೆದಿಟ್ಟೆ.”

“ನೀರಿನ ಕಲೆ ಅಂತ ಬರೀಬಹುದಿತ್ತಲ್ಲ ಸರ್?”

“ಇನ್ನೂರ ಹನ್ನೆರಡು ಪೆಟ್ಟಿಗೆ ಇತ್ತು. ಒಂದು ಪದ ಉಳಿಸಿದೆ.” ಕನ್ನಡಕ ಮತ್ತೆ ಏರಿಸಿಕೊಂಡು, “ಅದೂ ಅಲ್ದೆ, ಗ್ರಂಥಪಾಲಕ ಕಲೆ ಅಂದ್ರೆ ಇನ್ಯಾವ ಕಲೆ ಅಂತಾನೆ? ಆ ಇನ್ನೊಂದನ್ನ ನಿರ್ಧಾರ ಮಾಡೋಕೆ ನಾನ್ಯಾರು?” ಅಂದರು.

ನಮ್ಮ ಭಾಷೆಯ ಔದಾರ್ಯವೇ ಇಂಥದ್ದು. ಚೌಕಟ್ಟು ಹಾಕಿ ಗೋಡೆಗೇರಿಸುವುದೂ ಕಲೆ, ಸೋಪು ಹಾಕಿ ಅಂಗಿಯಿಂದ ಉಜ್ಜುವುದೂ ಕಲೆ. ನೆಲಮಾಳಿಗೆಯಲ್ಲಿ ಬರೆದದ್ದನ್ನು ಮೇಲಿನ ಮಹಡಿಯಲ್ಲಿ ಓದಿದ್ದರು, ಅಷ್ಟೇ.

ಅವತ್ತು ಸಂಜೆ ಅಕ್ಕನ ಮನೆಯಲ್ಲಿ ನಾನೂ ಇದ್ದೆ. ಚೀಟಿ ನಡೆದದ್ದನ್ನೆಲ್ಲ ಹೇಳಿದಳು. ಬಾಯಿ ಬಿಟ್ಟರೆ ನಿರ್ದೇಶಕರು ಊರಿಗೆಲ್ಲ ಸಾರಿದ ಮಾತು ನಗೆಪಾಟಲು. ಬಿಡದಿದ್ದರೆ ನೂರ ಇಪ್ಪತ್ತಾರು ಪೆಟ್ಟಿಗೆ ಕಾರ್ಖಾನೆಯ ತೊಟ್ಟಿಯಲ್ಲಿ ಗಂಜಿ. ಅಕ್ಕನಿಗೆ ಇದರಲ್ಲಿ ಸಮಸ್ಯೆಯೇ ಕಾಣಲಿಲ್ಲ.

“ಶುಕ್ರವಾರ ಸಹಿ ಆಗೋವರ್ಗೂ ಬಾಯಿಗೆ ಬೀಗ ಹಾಕ್ಕೋ,” ಅಂದಳು. “ಶನಿವಾರ ಬೇಕಾದ್ರೆ ಮೈಕ್ ಹಿಡ್ಕೊಂಡು ಹೇಳು.”

“ಲಾರಿ ಗುರುವಾರ ಬರುತ್ತಮ್ಮ.”

“ಬರ್ಲಿ. ನೀನೇನು ಆ ಪೆಟ್ಟಿಗೆಗಳಿಗೆ ಹೆಣ್ಣು ಕೊಟ್ಟಿದೀಯಾ?”

ಚಿಕ್ಕಮ್ಮ ನೀನು ಹೇಳು ಎಂದು ಅವಳು ನನ್ನ ಕಡೆ ತಿರುಗಿದಳು. ನಾನು ಜಾಣೆ, ಕೈಯಲ್ಲಿದ್ದ ಟೀಯನ್ನು ಬಹಳ ಹೊತ್ತು ಕುಡಿದೆ. ಹದಿನಾಲ್ಕು ಹಾಳೆಗಳಲ್ಲಿ ಒಬ್ಬ ಹುಡುಗ ಕುರ್ಚಿ ಬಿಟ್ಟು ಕುರ್ಚಿಯ ನೆರಳನ್ನಷ್ಟೇ ಬಿಡಿಸಿದ್ದಾನೆ, ಮೇಷ್ಟ್ರು ಅದಕ್ಕೆ ಕೆಂಪು ಪೆನ್ಸಿಲ್‌ನಲ್ಲಿ ‘ಕುರ್ಚಿ ಎಲ್ಲಿ?’ ಎಂದು ಕೇಳಿದ್ದಾರೆ ಎಂದು ಅವಳು ಹೇಳುತ್ತಿದ್ದಳು. ಟ್ಯುಟೋರಿಯಲ್‌ನ ಮುನ್ನೂರು ಗೈಡುಗಳ ಬಗ್ಗೆ ಅವಳು ಯಾವತ್ತೂ ಹೀಗೆ ಮಾತಾಡುವುದಿಲ್ಲವಲ್ಲ ಎಂದುಕೊಂಡೆ. ಆದರೂ ಇನ್ನೊಂದು ಲೋಟ ಟೀ ಬಗ್ಗಿಸಿಕೊಂಡೆ.

ಬುಧವಾರ ಹನ್ನೊಂದು ಗಂಟೆಗೆ ಅವಳು ನಿರ್ದೇಶಕರ ಮೇಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟು, ಎರಡರ ಮುಚ್ಚಳವನ್ನೂ ತೆರೆದಳು. ಹಳೆಯ ಗ್ರಂಥಪಾಲಕರು ಅಂದದ್ದನ್ನು ಒಪ್ಪಿಸಿದಳು. ನಿರ್ದೇಶಕರು ಕುರ್ಚಿಗಳನ್ನು ನೋಡಿದರು, ಹಪ್ಪಳವನ್ನು ನೋಡಿದರು, ಕೊನೆಗೆ ಗೋಡೆಯ ಮೇಲಿನ ಅನಾಮಿಕ ಕಲಾವಿದನನ್ನು ನೋಡಿದರು. ಅನಾಮಿಕ ಕಲಾವಿದ ಒಂದು ಒಡೆದ ಪೈಪು ಎಂಬುದು ಅವರ ಮುಖದಲ್ಲಿ ನಿಧಾನವಾಗಿ ಇಳಿಯಿತು.

“ಇದು ಯಾರ್‍ಯಾರಿಗೆ ಗೊತ್ತು?”

“ನನಗೆ, ಹಳೇ ಸರ್‌ಗೆ.”

“ಅವರಿಗೆ ಈಗ ವಯಸ್ಸೆಷ್ಟು?”

ಎಪ್ಪತ್ತೆಂಟು, ಆರೋಗ್ಯವಾಗಿದ್ದಾರೆ ಎಂದು ಅವಳು ಹೇಳಿದ್ದು ಅವರಿಗೆ ಸಮಾಧಾನ ತಂದಂತೆ ಕಾಣಲಿಲ್ಲ. ಆಮೇಲೆ ಅವರು ಎದ್ದು ಓಡಾಡುತ್ತ ಆಡಳಿತದ ಒಂದು ಪಾಠ ಹೇಳಿದರು. ಸಮಿತಿಯ ತೀರ್ಮಾನ ದಾಖಲಾಗಿದೆ. ತೀರ್ಮಾನ ತಪ್ಪೆಂದರೆ ಸಮಿತಿ ತಪ್ಪು, ಸಮಿತಿ ತಪ್ಪೆಂದರೆ ಸಮಿತಿಯನ್ನು ನೇಮಿಸಿದವರು ತಪ್ಪು. ಹೀಗೆ ಮೇಲೆ ಹೋದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಆದ್ದರಿಂದ ತೀರ್ಮಾನವನ್ನು ಬದಲಿಸಲು ಸಾಧ್ಯವೇ ಇಲ್ಲ. ಲಾರಿ ಬರುತ್ತದೆ. ಇನ್ನೊಂದು ವಿಷಯ, ನಾಡಿದ್ದು ಅವಳ ಕಡತವೂ ಬರುತ್ತದೆ.

ಚೀಟಿ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

“ತೀರ್ಮಾನ ಬದಲಾಯಿಸೋದು ಬೇಡ ಸರ್. ಕಲೆ ಇಲ್ಲದ ಪೆಟ್ಟಿಗೆ ಕಳಿಸಿ ಅಂತಲ್ವಾ ಇರೋದು? ಸರಿಯಾಗೇ ಇದೆ. ಮುಚ್ಚಳದ ಮೇಲೆ ಇರೋದು ಬೇರೆ ಕಲೆ. ತೀರ್ಮಾನದಲ್ಲಿರೋ ಕಲೆ ಯಾವ ಪೆಟ್ಟಿಗೇಲಿದೆ ಅಂತ ಇನ್ನೂ ಯಾರೂ ನೋಡೇ ಇಲ್ಲ.”

ನಿರ್ದೇಶಕರು ಓಡಾಡುವುದನ್ನು ನಿಲ್ಲಿಸಿದರು. ಅದೇ ವಾಕ್ಯವನ್ನು ತಾವೇ ಒಂದು ಸಲ ಹೇಳಿ ನೋಡಿದರು. ಎರಡನೆಯ ಸಲ ಹೇಳುವಾಗ ಅದು ಅವರದೇ ಆಗಿತ್ತು. ಹಾಗಾದರೆ ತಾವು ಅಂದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ, ಅಲ್ಲವೇ? ತಪ್ಪಿಲ್ಲ ಸರ್. ವಾರ್ತಾಪತ್ರದಲ್ಲಿ ಬಂದದ್ದೂ ಸರಿಯೇ? ಸರಿಯೇ ಸರ್. ಅವರು ಕುಳಿತುಕೊಂಡರು, ನೀರು ಕುಡಿದರು. ಹಾಗಾದರೆ ಈ ಹಪ್ಪಳಗಳನ್ನು ಲಾರಿಗೆ ಹಾಕೋಣ ಎಂದರು.

ಅಲ್ಲಿ ಅವಳು ನನಗೂ ಅರ್ಥವಾಗದ ಒಂದು ಕೆಲಸ ಮಾಡಿದಳು. ಅದೂ ಬೇಡ ಅಂದಳು. ಹಪ್ಪಳದ ನಡುವೆ ಏನು ಅಂಟಿಕೊಂಡಿದೆಯೋ ಯಾರಿಗೆ ಗೊತ್ತು. ಕಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಕಿರಿಯ ಸಹಾಯಕಿಯ ಕೆಲಸವಲ್ಲ, ಅದಕ್ಕೊಂದು ಉಪಸಮಿತಿ ಆಗಬೇಕು ಅಂದಳು. ಉಪಸಮಿತಿ ಎಂಬ ಪದ ಕಿವಿಗೆ ಬಿದ್ದದ್ದೇ ನಿರ್ದೇಶಕರ ಮುಖ ಮದುವೆ ಮನೆಯಾಯಿತು. ಲಾರಿಗೆ ಬೇಡವೆಂದು ಫೋನು ಹೋಯಿತು. ಕೆಫೆಯನ್ನು ಹಿಂದಿನ ವರಾಂಡಕ್ಕೆ ಹಾಕಲಾಯಿತು. ಉಪಸಮಿತಿಗೆ ಐದು ಜನರ ನೇಮಕವಾಯಿತು. ಅವರು ಇವತ್ತಿನವರೆಗೂ ಸೇರಿಲ್ಲ. ಕಾಗದವನ್ನು ಗೆದ್ದಲಿನಿಂದ ಉಳಿಸಲು ನೂರು ರಾಸಾಯನಿಕಗಳಿವೆ. ಅಧಿಕಾರಿಗಳಿಂದ ಉಳಿಸಲು ಉಪಸಮಿತಿ ಒಂದೇ.

ಶುಕ್ರವಾರ ಕಡತ ಬಂತು. ನಿರ್ದೇಶಕರು ಅದಕ್ಕೆ ಸಹಿಯನ್ನೇನೋ ಹಾಕಿದರು, ಆದರೆ ಖಾಯಂಗೆ ಅಲ್ಲ. ಆದೇಶ ಹೀಗಿತ್ತು: ‘ಪೆಟ್ಟಿಗೆಗಳ ಮೇಲಿನ ಬರಹದ ಅಸ್ಪಷ್ಟತೆಯನ್ನು ಸಕಾಲದಲ್ಲಿ ಮೇಲಧಿಕಾರಿಗಳ ಗಮನಕ್ಕೆ ತರದೆ ಇದ್ದ ಕಾರಣ, ಸದರಿ ನೌಕರರ ಪ್ರೊಬೇಷನ್ ಅವಧಿಯನ್ನು, ಎಲ್ಲ ಇನ್ನೂರ ಹನ್ನೆರಡು ಪೆಟ್ಟಿಗೆಗಳ ವಿವರವಾದ ಪಟ್ಟಿ ಮುಗಿಯುವವರೆಗೆ ವಿಸ್ತರಿಸಲಾಗಿದೆ.’

ಅಕ್ಕ ಆ ಆದೇಶವನ್ನು ಓದಿ ಆಡಿದ ಮಾತುಗಳನ್ನು ಪೆನ್ಸಿಲ್‌ನಲ್ಲಿ ಬರೆಯುವುದೂ ಕಷ್ಟ. ಉಪಕಾರ ಮಾಡಿದವರಿಗೆ ಈ ಕಾಲದಲ್ಲಿ ಇದೇ ಸನ್ಮಾನ ಎಂದಳು, ನಿರ್ದೇಶಕರ ವಂಶವನ್ನು ಮೂರು ತಲೆಮಾರು ಹಿಂದಕ್ಕೆ ವಿಚಾರಿಸಿಕೊಂಡಳು, ನಿನ್ನ ಚಿಕ್ಕಮ್ಮನಾದರೂ ಬುದ್ಧಿ ಹೇಳಬಾರದಿತ್ತೇ ಎಂದು ನನ್ನನ್ನೂ ಬಿಡಲಿಲ್ಲ. ಚೀಟಿ ಎಲ್ಲ ಮುಗಿಯಲಿ ಎಂದು ಕಾದು, ಆದೇಶವನ್ನು ನೀಟಾಗಿ ಮಡಚಿಟ್ಟು ಕೇಳಿದಳು:

“ಅಮ್ಮ, ಒಂದು ಪೆಟ್ಟಿಗೆಗೆ ಹಾಳೆ ಹಾಳೆ ನೋಡಿ ವಿವರವಾದ ಪಟ್ಟಿ ಮಾಡೋಕೆ ಎಷ್ಟು ದಿನ ಬೇಕು ಹೇಳು?”

“ನನಗೇನು ಗೊತ್ತು. ಒಂದು ದಿನ?”

“ಮೂರು ವಾರ.”

ನಾನು ಮನಸ್ಸಿನಲ್ಲೇ ಗುಣಿಸಿದೆ. ಹನ್ನೆರಡು ವರ್ಷ ದಾಟಿತು. ಅಕ್ಕ ಬೆರಳೆಣಿಸಿ ಇನ್ನೂ ಗುಣಿಸುತ್ತಿದ್ದಳು.

“ಅಷ್ಟೂ ವರ್ಷ ಪ್ರೊಬೇಷನ್ನೇನೇ?” ಅಂದಳು ಕೊನೆಗೆ.

“ಪಟ್ಟಿ ಮುಗಿಯೋವರ್ಗೂ ನನ್ನನ್ನ ತೆಗೆಯೋ ಹಾಗಿಲ್ಲ ಅಂತ ಅವರೇ ಬರೆದು ಸಹಿ ಹಾಕಿದಾರೆ. ಖಾಯಂ ಆದವರನ್ನ ಬೇರೆ ಕಡೆ ವರ್ಗ ಮಾಡ್ತಾರಮ್ಮ. ಪ್ರೊಬೇಷನ್‌ನಲ್ಲಿ ಇರೋರನ್ನ ಮಾಡೋ ಹಾಗಿಲ್ಲ.”

ಅದಾಗಿ ಎರಡು ವರ್ಷವಾಯಿತು. ಬಲೆಯಿಂದ ಕಲೆಗೆ ಬಂದಿದ್ದ ನಿರ್ದೇಶಕರು ಖಾಯಂ ನೌಕರರಾದ್ದರಿಂದ ಈಗ ರೇಷ್ಮೆ ಇಲಾಖೆಗೆ ಹೋಗಿದ್ದಾರೆ. ಹೊಸಬರು ಬಂದು ಎಷ್ಟು ಪೆಟ್ಟಿಗೆ ಮುಗಿದಿದೆ ಎಂದು ವಿಚಾರಿಸಿದರಂತೆ. ಮೂವತ್ತೊಂದು ಅಂದಳಂತೆ. ಇಷ್ಟು ನಿಧಾನವೇಕೆ ಎಂದು ಅವರು ಹುಬ್ಬೇರಿಸಿದರು. ಪ್ರೊಬೇಷನ್‌ನಲ್ಲಿದ್ದೇನೆ ಸರ್, ತಪ್ಪು ಮಾಡುವ ಹಾಗಿಲ್ಲ ಎಂದು ಹೇಳಿ, ಮೂವತ್ತೆರಡನೆಯ ಪೆಟ್ಟಿಗೆಯ ಮುಚ್ಚಳ ತೆರೆಯಲು ನೆಲಮಾಳಿಗೆಗೆ ಇಳಿದುಹೋದಳು.